ಮಹಜರು ಬರೆದ ದಿನಗಳು: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ನಿನ್ನ ಪತ್ರ ತಲುಪಿತು. ಪೊಲೀಸ್ ನೌಕರಿಯಲ್ಲಿದ್ದಾಗ ಎಷ್ಟು ಸಲ ಗುಂಡು ಹಾರಿಸಿದ್ದೆ, ಎಂತೆಂಥ ಕಳ್ಳರನ್ನು ಹಿಡಿದಿದ್ದೆ ಎಂದೆಲ್ಲ ಕೇಳಿದ್ದೀಯೆ. ಫೈರಿಂಗ್ ಅಭ್ಯಾಸವನ್ನು ಬಿಟ್ಟರೆ ನಾನು ಗುಂಡು ಹಾರಿಸಲೇ ಇಲ್ಲ. ಹಿಡಿದ ಕಳ್ಳರಲ್ಲಿ ಹೆಚ್ಚಿನವರು ಪಂಪ್‌ಸೆಟ್ಟಿನ ಕೇಬಲ್ ಕದ್ದವರು. ನಿವೃತ್ತನಾದ ಮೇಲೂ ನನ್ನನ್ನು ಬಿಡದಿರುವುದು ಮಹಜರು, ಅಂದರೆ ಸ್ಥಳದಲ್ಲಿ ಕಂಡದ್ದರ ದಾಖಲೆ ಬರೆದ, ಅದಕ್ಕೆ ಸಾಕ್ಷಿಗಳಾಗಿ ಸಹಿ ಹಾಕುವ ಪಂಚರನ್ನು ಹುಡುಕಿದ ದಿನಗಳ ನೆನಪು.

ಮಂಡ್ಯ ಜಿಲ್ಲೆಯ ನನ್ನ ಮೊದಲ ಠಾಣೆಯಲ್ಲಿ ಬರವಣಿಗೆಯ ಕೆಲಸ ನೋಡುವ ರೈಟರ್ ಆಗಿದ್ದ ಹಿರಿಯ ದಫೇದಾರರೊಬ್ಬರು ನನಗೆ ಈ ವಿದ್ಯೆ ಕಲಿಸಿದರು. ಶವದ ಬಳಿಗೆ ನೇರವಾಗಿ ಹೋಗಬೇಡಿ ಸಾರ್, ಮೊದಲು ಚೆಕ್ಕುಬಂದಿ ಬರೆಸಿ ಎನ್ನುತ್ತಿದ್ದರು. ಪೂರ್ವಕ್ಕೆ ಇಂಥವರ ಕಬ್ಬಿನ ಗದ್ದೆ, ಪಶ್ಚಿಮಕ್ಕೆ ನಾಲೆಯ ಏರಿ, ಉತ್ತರಕ್ಕೆ ಗಾಡಿಜಾಡು, ದಕ್ಷಿಣಕ್ಕೆ ಬೇಲಿ ಎಂದು ಬರೆಸುವಷ್ಟರಲ್ಲಿ ಕಣ್ಣು ಸುತ್ತಲೂ ಒಮ್ಮೆ ಹೋಗಿ ಬಂದಿರುತ್ತಿತ್ತು. ಏರಿಯ ಮೇಲೆ ಉಳಿದ ಒಂಟಿ ಚಪ್ಪಲಿಯೋ, ಬೇಲಿಗೆ ಸಿಕ್ಕಿಕೊಂಡ ಟವೆಲ್ಲಿನ ಎಳೆಯೋ ಕಾಣಿಸುತ್ತಿದ್ದದ್ದು ಆಗಲೇ.

ಅಸಹಜ ಸಾವಿನ ಶವ ಪಂಚನಾಮೆಯನ್ನು, ಅಂದರೆ ಶವವನ್ನು ನೋಡಿ ಬರೆಯುವ ಮಹಜರನ್ನು, ನೆರೆಹೊರೆಯ ಇಬ್ಬರು ಅಥವಾ ಹೆಚ್ಚು ಗೌರವಸ್ಥರ ಸಮಕ್ಷಮ ನಡೆಸಬೇಕೆಂದು ದಂಡ ಪ್ರಕ್ರಿಯಾ ಸಂಹಿತೆಯ 174ನೇ ಕಲಂ ಹೇಳುತ್ತಿತ್ತು. ನಮ್ಮ ಜೀಪು ಊರಿಗೆ ಬಂತೆಂದರೆ ಟೀ ಅಂಗಡಿಯ ಬೆಂಚು ಖಾಲಿಯಾಗುತ್ತಿತ್ತು. ನಾನು ಆ ಜನರನ್ನು ಎಂದೂ ದೂರಲಿಲ್ಲ. ಸಹಿ ಹಾಕಿದವನು ವರ್ಷಗಳ ಮೇಲೆ ಕೂಲಿ ಬಿಟ್ಟು ಕೋರ್ಟಿಗೆ ಅಲೆಯಬೇಕು, ಆರೋಪಿಯ ಮನೆ ಪಕ್ಕದ ಬೀದಿಯಲ್ಲೇ ಇದ್ದರೆ ಅವನ ಮುಖವನ್ನೂ ದಿನವೂ ನೋಡಬೇಕು. ಪೊಲೀಸರು ತೋರಿಸಿದ ಕಡೆ ಸಹಿ ಮಾಡಿದೆಯಾ ಎಂದು ವಕೀಲರು ಕೇಳಿದರೆ ಹೌದು ಸ್ವಾಮಿ ಎಂದು ಕೈ ತೊಳೆದುಕೊಳ್ಳದೆ ಅವನು ಇನ್ನೇನು ಮಾಡಿಯಾನು?

ಮದುವೆಯಾಗಿ ಏಳು ವರ್ಷದೊಳಗೆ ಹೆಣ್ಣುಮಗಳೊಬ್ಬಳು ಅನುಮಾನಾಸ್ಪದವಾಗಿ ತೀರಿಕೊಂಡರೆ ಪಂಚನಾಮೆ ನಮ್ಮ ಕೈಯಲ್ಲಿರುತ್ತಿರಲಿಲ್ಲ, ತಾಲ್ಲೂಕು ದಂಡಾಧಿಕಾರಿಗಳಾದ ತಹಶೀಲ್ದಾರರು ಬರಬೇಕಿತ್ತು. ಅವರು ಬರುವವರೆಗೆ ತವರಿನವರು ಅಂಗಳದ ಒಂದು ಕಡೆ, ಗಂಡನ ಕಡೆಯವರು ಇನ್ನೊಂದು ಕಡೆ, ನಡುವೆ ನಾನು ಮತ್ತು ಇಬ್ಬರು ಪೇದೆಗಳು. ಆ ಕಾಯುವಿಕೆಯ ಮುಂದೆ ಯಾವ ಗಲಭೆಯ ಬಂದೋಬಸ್ತೂ ನನಗೆ ಕಷ್ಟವೆನಿಸಲಿಲ್ಲ.

2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಮಂದಿ ಸತ್ತದ್ದು ನಿನಗೆ ನೆನಪಿರಬಹುದು. ಶನಿವಾರವಾದ್ದರಿಂದ ಅರ್ಧ ದಿನದ ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಅದರಲ್ಲಿದ್ದರು. ಎಷ್ಟು ಶವಗಳೋ ಅಷ್ಟು ಪಂಚನಾಮೆ: ಬಟ್ಟೆಯ ಬಣ್ಣ, ಮೈಮೇಲಿನ ಒಡವೆ, ಗುರುತಿನ ಮಚ್ಚೆ, ಸಾವಿನ ಕಾರಣದ ಬಗ್ಗೆ ಪಂಚರ ಅಭಿಪ್ರಾಯ. ಸಮವಸ್ತ್ರದ ಬಣ್ಣ ಬರೆಸುವಾಗ ನನ್ನ ದನಿ ಹೊರಡಲಿಲ್ಲ; ಪಕ್ಕದಲ್ಲಿದ್ದ ಪೇದೆಯೇ ನೋಡಿ ಬರೆದುಕೊಂಡ. ಎಂದೂ ಸಹಿಗೆ ಸಿಗದ ಜನ ಅಂದು ಕರೆಯದೆಯೇ ಬಂದು ನಿಂತರು, ಶವಗಳನ್ನು ಎತ್ತಿದರು, ಪಂಚರಾದರು. ಅದೇ ರಾತ್ರಿ ಬೆಂಗಳೂರಿನಲ್ಲಿ ಅಂಬರೀಷ್ ತೀರಿಕೊಂಡರು. ಮರುದಿನ ಅವರ ಪಾರ್ಥಿವ ಶರೀರವನ್ನು ಮಂಡ್ಯದ ವಿಶ್ವೇಶ್ವರಯ್ಯ ಕ್ರೀಡಾಂಗಣಕ್ಕೆ ತಂದಾಗ, ನಿದ್ದೆಯಿಲ್ಲದ ನಾವೇ ಅಲ್ಲಿ ಬೆಳಗಿನವರೆಗೆ ಜನಸಾಗರದೆದುರು ನಿಂತೆವು. ದುಃಖಿಸಲು ಪೊಲೀಸರಿಗೆ ಪಾಳಿ ಬದಲಾಗುವುದಿಲ್ಲವೆಂದು ನಮ್ಮ ಪೇದೆಯೊಬ್ಬ ಅಂದದ್ದು ತಮಾಷೆಯಾಗಿ ಅಲ್ಲ.

2024ರ ಜುಲೈ 1ರಿಂದ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಹೊಸ ಸಂಹಿತೆ ಬಂದು ಶೋಧ, ಜಪ್ತಿಗಳನ್ನು ವಿಡಿಯೊ ಮಾಡಲೇಬೇಕಾಗಿದೆ. ಒಳ್ಳೆಯದೇ ಆಯಿತು, ಪಂಚರ ಮೇಲಿನ ಭಾರ ಸ್ವಲ್ಪವಾದರೂ ಇಳಿಯಬಹುದು. ಆದರೂ ಕಿರಿಯ ಅಧಿಕಾರಿಗಳು ಸಿಕ್ಕಾಗಲೆಲ್ಲ ಮೊಬೈಲು ತೆಗೆಯುವ ಮೊದಲು ಚೆಕ್ಕುಬಂದಿ ನೋಡಿ ಎಂದು ಹೇಳದೆ ಇರಲಾರೆ.

ನನಗಿನ್ನೂ ಸಮನ್ಸ್‌ಗಳು ಬರುತ್ತಲೇ ಇವೆ. ಮುಂದಿನ ತಿಂಗಳು ಹಳೆಯ ಕೊಲೆ ಪ್ರಕರಣವೊಂದರಲ್ಲಿ ತನಿಖಾಧಿಕಾರಿಯಾಗಿ ಸಾಕ್ಷಿ ನುಡಿಯಬೇಕಿದೆ. ಪಂಚರಿಬ್ಬರೂ ಆಗಲೇ ಮಾತು ಬದಲಿಸಿ ಪ್ರತಿಕೂಲ ಸಾಕ್ಷಿಗಳಾಗಿರುವುದರಿಂದ ಆರೋಪಿಯ ವಕೀಲರ ಪಾಟಿ ಸವಾಲು ಬಿಗಿಯಾಗಿಯೇ ಇರುತ್ತದೆ. ಅದು ಮುಗಿಯುವಾಗ ಸಂಜೆಯಾದೀತು. ರಾತ್ರಿ ನಿಮ್ಮಲ್ಲೇ ಉಳಿಯುತ್ತೇನೆ, ಊಟಕ್ಕೆ ಮುದ್ದೆ, ಬಸ್ಸಾರು ಮಾಡಿಸು.

ಇಂತಿ ನಿನ್ನ ಗೆಳೆಯ