ಭಾನುವಾರದ ಅಳತೆ: ಅನಲೈಸರ್‌ನ ಇನ್‌ಪುಟ್ ರಕ್ಷಣೆ ಕುರಿತು

ಸದಸ್ಯರೆಲ್ಲರಿಗೂ ನಮಸ್ಕಾರ.

ಬರುವ ಭಾನುವಾರ ಬೆಳಿಗ್ಗೆ 10 ಗಂಟೆಗೆ ಮಡಿಕೇರಿಯಲ್ಲಿ ನಮ್ಮ ಹ್ಯಾಮ್ (ಹವ್ಯಾಸಿ ರೇಡಿಯೋ) ಸೆಟ್‌ಗಳ ಹಾರ್ಮೋನಿಕ್ ಮಟ್ಟವನ್ನು, ಅಂದರೆ ಮೂಲ ಆವರ್ತನದ ಎರಡು, ಮೂರು ಪಟ್ಟಿನಲ್ಲಿ ಹೊಮ್ಮುವ ಬೇಡದ ಸಿಗ್ನಲ್‌ಗಳ ಮಟ್ಟವನ್ನು ಅಳೆಯಲಿದ್ದೇವೆ. ಸೆಟ್ ತರುವವರೆಲ್ಲರೂ ಇದನ್ನು ಪೂರ್ತಿ ಓದಿಕೊಂಡು ಬರಬೇಕಾಗಿ ವಿನಂತಿ.

5 ವ್ಯಾಟ್‌ನ ಹ್ಯಾಂಡ್‌ಸೆಟ್ ಕೊಡುವುದು ಸುಮಾರು 37 ಡಿಬಿಎಂ (1 ಮಿಲಿವ್ಯಾಟ್ ಅನ್ನು ಸೊನ್ನೆಯಾಗಿಟ್ಟ ಶಕ್ತಿಯ ಅಳತೆ; ಪ್ರತಿ 10 ಡಿಬಿಗೆ ಶಕ್ತಿ ಹತ್ತು ಪಟ್ಟು). ನಮ್ಮ ಚಿಕ್ಕ ಸ್ಪೆಕ್ಟ್ರಮ್ ಅನಲೈಸರ್ (ಯಾವ ಆವರ್ತನದಲ್ಲಿ ಎಷ್ಟು ಸಿಗ್ನಲ್ ಇದೆಯೆಂದು ತೋರಿಸುವ ಉಪಕರಣ) ತಡೆದುಕೊಳ್ಳುವುದು 10 ಡಿಬಿಎಂ, ಅಂದರೆ ಅದರ ಐನೂರರಲ್ಲಿ ಒಂದು ಪಾಲು. ಕೇಬಲನ್ನು ನೇರವಾಗಿ ಜೋಡಿಸಿ ಪಿಟಿಟಿ (ಪ್ರಸಾರದ ಗುಂಡಿ) ಒತ್ತಿದರೆ ಇನ್‌ಪುಟ್ ಸುಟ್ಟುಹೋಗಬಹುದು. ನಡುವೆ ಸಿಗ್ನಲನ್ನು ತಗ್ಗಿಸುವ 40 ಡಿಬಿ ಅಟೆನ್ಯುಯೇಟರ್ ಇರಲೇಬೇಕು. ಬಂದ ಶಕ್ತಿಯೆಲ್ಲ ಅದರಲ್ಲೇ ಬಿಸಿಯಾಗುವುದರಿಂದ ಅದು ಕನಿಷ್ಠ 10 ವ್ಯಾಟ್ ತಾಳುವಂಥದ್ದಾಗಿರಲಿ.

ಹಾಗೆಂದು ಅತಿಯಾಗಿ ತಗ್ಗಿಸುವುದೂ ಸರಿಯಲ್ಲ. ಅಟೆನ್ಯುಯೇಟರ್‌ನಲ್ಲಿ ಹೆಚ್ಚಿಸಿದ ಪ್ರತಿ 10 ಡಿಬಿಗೂ, ಸಿಗ್ನಲ್‌ಗೆ ಹೋಲಿಸಿದರೆ ಅನಲೈಸರ್‌ನ ಸ್ವಂತ ನಾಯ್ಸ್ (ಗದ್ದಲ) ಮಟ್ಟ ಅಷ್ಟೇ ಮೇಲೇರಿದಂತಾಗಿ, ನಾವು ಹುಡುಕುತ್ತಿರುವ ದುರ್ಬಲ ಹಾರ್ಮೋನಿಕ್ ಅದರಲ್ಲಿ ಮುಳುಗಿಬಿಡುತ್ತದೆ. ಆಗ ಅಟೆನ್ಯುಯೇಟರ್ ತೆಗೆಯಬೇಡಿ. ರೆಸಲ್ಯೂಷನ್ ಬ್ಯಾಂಡ್‌ವಿಡ್ತ್ (ಅನಲೈಸರ್ ಒಮ್ಮೆಗೆ ನೋಡುವ ಆವರ್ತನದ ಅಗಲ) ಅನ್ನು 100 ಕಿಲೋಹರ್ಟ್ಜ್‌ನಿಂದ 10ಕ್ಕೆ ಇಳಿಸಿದರೆ ನಾಯ್ಸ್ 10 ಡಿಬಿ ತಗ್ಗುತ್ತದೆ, ಸ್ವೀಪ್ (ಆವರ್ತನಗಳನ್ನು ಒಂದು ಸುತ್ತು ನೋಡಿ ಮುಗಿಸುವುದು) ನಿಧಾನವಾದರೂ ಕಾಯೋಣ. ಮಿತಿ ಮೀರಿದ ಸಿಗ್ನಲನ್ನು ಕತ್ತರಿಸುವ ಡಯೋಡ್ ಲಿಮಿಟರ್ ಒಂದನ್ನೇ ನೆಚ್ಚಿಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ, ಏಕೆಂದರೆ ಬಲವಾದ ಸಿಗ್ನಲ್ ಬಂದಾಗ ಲಿಮಿಟರ್ ತಾನೇ ಹಾರ್ಮೋನಿಕ್ ಹುಟ್ಟಿಸುತ್ತದೆ.

ಕಾಣುವ ಹಾರ್ಮೋನಿಕ್ ಸೆಟ್‌ನದೇ ಎಂಬ ಸಂಶಯ ಬಂದರೆ ಇನ್ನೊಂದು 10 ಡಿಬಿ ಅಟೆನ್ಯುಯೇಟರ್ ಸೇರಿಸಿ ನೋಡಿ: ಹಾರ್ಮೋನಿಕ್ 10 ಡಿಬಿಗಿಂತ ಹೆಚ್ಚು ಇಳಿದರೆ, ಅದರಲ್ಲಿ ಒಂದು ಭಾಗವಾದರೂ ಅನಲೈಸರ್‌ನೊಳಗೇ ಹುಟ್ಟಿದ್ದು.

ಗುಡುಗು ಇದ್ದರೆ ಮಾಳಿಗೆಯ ಆಂಟೆನಾವನ್ನು ಯಾರೂ ಜೋಡಿಸಬಾರದು.

ವಿರಾಜಪೇಟೆ, ಸೋಮವಾರಪೇಟೆ ಕಡೆಯಿಂದ ಬರುವವರೂ ಸೇರಿದಂತೆ ಎಲ್ಲರೂ ತಮ್ಮ ಸೆಟ್‌ನ ವ್ಯಾಟ್ ಮತ್ತು ಕನೆಕ್ಟರ್ ಯಾವುದೆಂದು ಶುಕ್ರವಾರ ಸಂಜೆಯೊಳಗೆ ಇಲ್ಲಿಯೇ ತಿಳಿಸಿ. 10 ವ್ಯಾಟ್‌ಗಿಂತ ಹೆಚ್ಚಿನ ಅಟೆನ್ಯುಯೇಟರ್ ಇರುವವರು ದಯವಿಟ್ಟು ತನ್ನಿ.