ಗಿಡ್ಡ ಇಂಪ್ಲಾಂಟ್: ಮೊದಲ ದಿನದ ಎಕ್ಸ್-ರೇ ರೋಗಿಯ ಕೈಗೆ ಕೊಡಿ

ಮಾನ್ಯ ಸಂಪಾದಕರೇ,

ದವಡೆ ಹಲ್ಲು ಕೀಳಿಸಿ ವರ್ಷಗಳಾದವರಲ್ಲಿ ಆ ಜಾಗದ ಮೂಳೆ ತಗ್ಗಿರುತ್ತದೆ. ಮೇಲಿನ ದವಡೆಯಲ್ಲಿ ಸೈನಸ್ (ಮೂಗಿನ ಪಕ್ಕದ ಗಾಳಿಗೂಡು) ಅಡ್ಡ ಬರುತ್ತದೆ. ಕೆಳಗಿನ ದವಡೆಯಲ್ಲಿ ತುಟಿಗೆ ಹೋಗುವ ನರದಿಂದ 2 ಮಿ.ಮೀ. ದೂರ ಬಿಡಲೇಬೇಕು. ಇಂಥ ಕಡೆ ಮೂಳೆ ಕಸಿಯ ಬದಲು 6 ಅಥವಾ 8 ಮಿ.ಮೀ. ಉದ್ದದ ಗಿಡ್ಡ ಇಂಪ್ಲಾಂಟ್ (ಹಲ್ಲಿನ ಬೇರಿನ ಬದಲು ಮೂಳೆಯೊಳಗೆ ಕೂರುವ ತಿರುಪು) ಕೂರಿಸುವುದುಂಟು. ಒಂದು ಶಸ್ತ್ರಚಿಕಿತ್ಸೆಯೂ ತಿಂಗಳುಗಟ್ಟಲೆ ಕಾಯುವುದೂ ತಪ್ಪುತ್ತದೆ. ಒಳ್ಳೆಯ ಚಿಕಿತ್ಸೆಯೇ. ಆದರೆ ಅದರ ಸುತ್ತ ಮೂಳೆ ಏಕೆ ಸವೆಯುತ್ತದೆ ಎಂಬುದನ್ನು ರೋಗಿಗೂ ತಿಳಿಸಬೇಕು.

ಗಿಡ್ಡವಾಗಿರುವುದೇ ಸವೆತಕ್ಕೆ ಕಾರಣವಲ್ಲ. ಅಗಿಯುವ ಭಾರ ಹೆಚ್ಚಾಗಿ ಬೀಳುವುದು ಇಂಪ್ಲಾಂಟಿನ ಕುತ್ತಿಗೆ ಮತ್ತು ಮೇಲಿನ ಕೆಲವು ತಿರುಪು ಸುತ್ತುಗಳ ಬಳಿಯ ಮೂಳೆಯ ಮೇಲೆ, ತುದಿಯ ಮೇಲಲ್ಲ. ಅಪಾಯ ಇರುವುದು ಲೆಕ್ಕದಲ್ಲಿ: 2 ಮಿ.ಮೀ. ಮೂಳೆ ಹೋದರೆ 12 ಮಿ.ಮೀ. ಇಂಪ್ಲಾಂಟ್ ಕಳೆದುಕೊಳ್ಳುವುದು ಆಸರೆಯ ಆರನೇ ಒಂದು ಪಾಲು, 6 ಮಿ.ಮೀ.ನದು ಮೂರನೇ ಒಂದು ಪಾಲು.

ಸವೆತದ ಬೀಜ ಕೆಲವೊಮ್ಮೆ ಶಸ್ತ್ರಚಿಕಿತ್ಸೆಯ ದಿನವೇ ಬೀಳುತ್ತದೆ. ಡ್ರಿಲ್ ಮೊಂಡಾಗಿದ್ದರೆ, ತಂಪು ಮಾಡುವ ಸಲೈನ್ ನೀರು ಸಾಕಾಗದಿದ್ದರೆ ಮೂಳೆ ಬಿಸಿಯಾಗುತ್ತದೆ. ಮೂಳೆ 47 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ನಿಮಿಷ ಇದ್ದರೂ ಅದಕ್ಕೆ ಹಾನಿ. ಗಟ್ಟಿ ಮೂಳೆಯಲ್ಲಿ ಅತಿಯಾಗಿ ಬಿಗಿದರೂ ಹಾಗೆಯೇ. ಪಕ್ಕದ ಹಲ್ಲಿಗೆ 1.5 ಮಿ.ಮೀ., ಎರಡು ಇಂಪ್ಲಾಂಟ್‌ಗಳ ನಡುವೆ 3 ಮಿ.ಮೀ. ಜಾಗ ಉಳಿಯಬೇಕು. ಮೂಳೆಯ ಮೇಲಿನ ವಸಡು 2 ಮಿ.ಮೀ.ಗಿಂತ ತೆಳುವಾಗಿದ್ದರೆ ಮೊದಲ ವರ್ಷದಲ್ಲೇ ಮೂಳೆ ಕೆಳಗೆ ಸರಿಯುವ ಸಾಧ್ಯತೆ ಹೆಚ್ಚು.

ಆಮೇಲಿನದು ಕ್ಯಾಪಿನ, ಅಂದರೆ ಇಂಪ್ಲಾಂಟಿನ ಮೇಲೆ ಕೂರಿಸುವ ಕೃತಕ ಹಲ್ಲಿನ ಸರದಿ. ಮೂಳೆ ತಗ್ಗಿದಷ್ಟೂ ಕ್ಯಾಪ್ ಉದ್ದವಾಗುತ್ತದೆ. ಆ ಉದ್ದಕ್ಕಿಂತಲೂ ಪಕ್ಕದಿಂದ ಬೀಳುವ ಒತ್ತಡ ಕೆಟ್ಟದ್ದು. ಹಾಗಾಗಿ ಕ್ಯಾಪಿನ ಮೇಲ್ಮೈ ಕಿರಿದಾಗಿರಲಿ, ನಿದ್ದೆಯಲ್ಲಿ ಹಲ್ಲು ಕಡಿಯುವವರಿಗೆ ನೈಟ್ ಗಾರ್ಡ್ ಇರಲಿ. ಎಲ್ಲಕ್ಕಿಂತ ಸಂಕಟದ ಸಂಗತಿ ಕ್ಯಾಪ್ ಅಂಟಿಸಿದಾಗ ವಸಡಿನಡಿ ಉಳಿದ ಸಿಮೆಂಟು. ಕಣ್ಣಿಗೆ ಕಾಣದು, ಕೆಲವು ಬಗೆಯ ಸಿಮೆಂಟು ಎಕ್ಸ್-ರೇಯಲ್ಲೂ ಕಾಣದು. ಅದರ ಸುತ್ತ ಸೋಂಕು ಬೆಳೆದು ಮೂಳೆ ತಿನ್ನುತ್ತದೆ. ಸಾಧ್ಯವಿದ್ದಲ್ಲೆಲ್ಲ ಸ್ಕ್ರೂನಿಂದ ಕೂರಿಸುವ ಕ್ಯಾಪನ್ನೇ ಆರಿಸಬೇಕು.

ಹಳೆಯ ವಸಡು ರೋಗ, ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ, ಬೀಡಿ-ಸಿಗರೇಟು ಇವೂ ಕಾರಣಗಳೇ. ಗುಟ್ಕಾ, ಅಡಿಕೆಯಿಂದ ಕೆನ್ನೆ ಬಿಗಿದು ಬಾಯಿ ಪೂರ್ತಿ ತೆರೆಯದವರಿಗೆ ಹಿಂದಿನ ಇಂಪ್ಲಾಂಟಿನವರೆಗೆ ಬ್ರಷ್ಷೇ ಹೋಗುವುದಿಲ್ಲ.

ಹಲ್ಲಿನ ಬೇರಿಗೂ ಮೂಳೆಗೂ ನಡುವೆ ಇರುವಂಥ ನಾರಿನ ಪೊರೆ ಇಂಪ್ಲಾಂಟಿಗಿಲ್ಲ. ಮೂಳೆ ಬಹುತೇಕ ಹೋಗುವ ತನಕ ಅದು ಅಲುಗುವುದಿಲ್ಲ, ಹೆಚ್ಚಾಗಿ ನೋಯುವುದೂ ಇಲ್ಲ. ಗಟ್ಟಿಯಾಗಿದೆ ಎಂದು ನಂಬಿ ಕೂರುವಂತಿಲ್ಲ. ಬ್ರಷ್ ಮಾಡುವಾಗ ರಕ್ತ, ಕೀವು ಕಂಡರೆ ಕೂಡಲೇ ತೋರಿಸಬೇಕು. ಸವೆತ ಅಳೆಯಲು ಕ್ಯಾಪ್ ಕೂರಿಸಿದ ದಿನದ ಎಕ್ಸ್-ರೇಯೇ ಆಧಾರ. ಮೊದಲ ವರ್ಷ ಮೂಳೆ ಸ್ವಲ್ಪ ತಗ್ಗುವುದು ಸಹಜ. ಆಮೇಲೆ ವರ್ಷಕ್ಕೆ 0.2 ಮಿ.ಮೀ.ಗಿಂತ ಕಡಿಮೆ ಇರಬೇಕೆಂಬುದು 1986ರಿಂದ ಬಂದ ಅಳತೆಗೋಲು. ಒಂದೇ ಚಿತ್ರದಲ್ಲಿ ಇಷ್ಟು ಸಣ್ಣ ಅಂತರ ಹಿಡಿಯಲಾಗದು. ವರ್ಷವರ್ಷದ ಚಿತ್ರಗಳನ್ನು ಸಾಲಾಗಿ ಇಟ್ಟು ನೋಡಬೇಕು. ಚಿತ್ರದಲ್ಲಿ ಎರಡೂ ಬದಿಯ ತಿರುಪು ಸುತ್ತುಗಳು ಸ್ಪಷ್ಟವಾಗಿ ಮೂಡಿದ್ದರೆ ಕಿರಣ ನೇರವಾಗಿ ಬಿದ್ದಿದೆ ಎಂದರ್ಥ. ಮಸುಕಾಗಿದ್ದರೆ ಮತ್ತೆ ತೆಗೆಯಬೇಕು. ಇಂಪ್ಲಾಂಟಿನ ಉದ್ದ ಗೊತ್ತಿದ್ದರೆ ಅದೇ ಸ್ಕೇಲು.

ರೋಗಿಗಳು ಊರು ಬದಲಿಸುತ್ತಾರೆ, ಕ್ಲಿನಿಕ್‌ಗಳೂ ಮುಚ್ಚುತ್ತವೆ. ಕಂಪನಿಯ ಹೆಸರು, ವ್ಯಾಸ, ಉದ್ದ, ಕೂರಿಸಿದ ದಿನಾಂಕ ಬರೆದ ಚೀಟಿ ಮತ್ತು ಆ ಮೊದಲ ಎಕ್ಸ್-ರೇ ಪ್ರತಿಯನ್ನು ಬಿಲ್ಲಿನ ಜೊತೆಗೇ ಕೊಡಬೇಕೆಂದು ಎಲ್ಲ ದಂತವೈದ್ಯರಲ್ಲಿ ನಮ್ಮ ಕೋರಿಕೆ. ಕೊಡದಿದ್ದರೆ ರೋಗಿಗಳೇ ಕೇಳಿ ಪಡೆಯಲಿ.

– ಇಬ್ಬರು ದಂತವೈದ್ಯರು, ದಾವಣಗೆರೆ