ಅಂಗನವಾಡಿ ಟೀಚರ್‌ಗಳಿಗೆ ಇದನ್ನು ಕೈಯಾರೆ ಕಲಿಸಿ: ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರಿಗೆ,

ನಮಸ್ಕಾರಗಳು.

ನಾನು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತಿಯಾದವಳು. ನಿಮ್ಮ ಹತ್ತಿರ ಕೇಳುವುದು ಒಂದೇ. ಮಗುವಿನ ಗಂಟಲಲ್ಲಿ ಏನಾದರೂ ಸಿಕ್ಕಿಕೊಂಡು ಉಸಿರು ಕಟ್ಟಿದಾಗ ಏನು ಮಾಡಬೇಕು ಅನ್ನುವುದನ್ನು ರಾಜ್ಯದ ಎಲ್ಲ ಅಂಗನವಾಡಿ ಕಾರ್ಯಕರ್ತೆಯರಿಗೂ ಸಹಾಯಕಿಯರಿಗೂ ಕಲಿಸಿ. ಭಾಷಣ ಮಾಡಿ ಅಲ್ಲ, ಅವರ ಕೈಯಲ್ಲೇ ಮಾಡಿಸಿ.

ಅಂಗನವಾಡಿಯೇ ಯಾಕೆ ಅಂತೀರಾ? ಅಲ್ಲಿಗೆ ಬರುವುದು ಮೂರರಿಂದ ಆರು ವರ್ಷದ ಮಕ್ಕಳು. ಅವರ ಉಸಿರುನಾಳ ಕಿರಿದು. ಕಾಳನ್ನು ಚೆನ್ನಾಗಿ ಅಗಿದು ನುಂಗುವ ಅಭ್ಯಾಸ ಇನ್ನೂ ಪೂರ್ತಿ ಬಂದಿರುವುದಿಲ್ಲ. ಬಾಯಲ್ಲಿ ತುತ್ತು ಇಟ್ಟುಕೊಂಡೇ ನಗುತ್ತವೆ, ಓಡುತ್ತವೆ. ಕಡಲೆಕಾಯಿ ಬೀಜ, ಹುಣಸೆ ಬೀಜ, ಇಡೀ ದ್ರಾಕ್ಷಿ, ಪೆನ್ನಿನ ಮುಚ್ಚಳ, ಒಡೆದ ಬಲೂನಿನ ಚೂರು, ಹೀಗೆ ಸಿಕ್ಕಿದ್ದೆಲ್ಲ ಬಾಯಿಗೆ ಹೋಗುತ್ತದೆ.

ಉಸಿರುನಾಳ ಪೂರ್ತಿ ಮುಚ್ಚಿಕೊಂಡರೆ ನಾಲ್ಕೈದು ನಿಮಿಷದಲ್ಲೇ ಮೆದುಳಿಗೆ ಪೆಟ್ಟು ಬೀಳಲು ಶುರುವಾಗುತ್ತದೆ. 2008ರಲ್ಲಿ ಬಂದ 108 ಸೇವೆ ಎಷ್ಟೋ ಜೀವ ಉಳಿಸಿದೆ, ಅದಕ್ಕೆ ಕರೆ ಮಾಡಲೇಬೇಕು. ಆದರೆ ಮಲೆನಾಡಿನ ಒಂಟಿ ಊರಿಗೋ ಕಾಡಂಚಿನ ಹಾಡಿಗೋ ನಾಲ್ಕು ನಿಮಿಷದಲ್ಲಿ ಆಂಬುಲೆನ್ಸ್ ತಲುಪುವುದು ಆಗದ ಮಾತು. ಬೆಂಗಳೂರಿನ ಟ್ರಾಫಿಕ್‌ನಲ್ಲೂ ಅಷ್ಟೇ. ಆ ಹೊತ್ತಿಗೆ ಮಗುವಿನ ಪಕ್ಕ ಇರುವವರು ಟೀಚರ್, ಇಲ್ಲವೇ ಸಹಾಯಕಿ. ಬೇರೆ ಯಾರೂ ಅಲ್ಲ.

ಈಗ ನಮ್ಮಲ್ಲಿ ಏನಾಗುತ್ತದೆ? ನೆತ್ತಿ ತಟ್ಟುತ್ತಾರೆ. ನೀರು ಕುಡಿಸುತ್ತಾರೆ. ಬಾಯೊಳಗೆ ಬೆರಳು ಹಾಕಿ ತಡಕುತ್ತಾರೆ. ಕಾಲು ಹಿಡಿದು ತಲೆಕೆಳಗು ಮಾಡಿ ಅಲ್ಲಾಡಿಸುವವರೂ ಇದ್ದಾರೆ. ಎಲ್ಲವೂ ಗಾಬರಿಯಿಂದ, ಪ್ರೀತಿಯಿಂದಲೇ ಮಾಡುವಂಥದ್ದು. ಆದರೆ ನೆತ್ತಿ ತಟ್ಟಿದರೆ ಗಂಟಲಲ್ಲಿರುವುದು ಕದಲುವುದಿಲ್ಲ. ದಾರಿಯೇ ಮುಚ್ಚಿರುವಾಗ ನೀರು ಹಾಕಿದರೆ ಇನ್ನೂ ಅಪಾಯ. ಕಣ್ಣಿಗೆ ಕಾಣದ್ದನ್ನು ಬೆರಳಿಂದ ತಡಕಿದರೆ ಅದು ಇನ್ನಷ್ಟು ಒಳಗೆ ಹೋಗಿ ಕೂರುತ್ತದೆ.

ಮೊದಲು ತಿಳಿಯಬೇಕಾದ್ದು, ಯಾವಾಗ ಕೈ ಹಾಕಬಾರದು ಅನ್ನುವುದು. ಮಗು ಜೋರಾಗಿ ಕೆಮ್ಮುತ್ತಿದ್ದರೆ, ಅಳುತ್ತಿದ್ದರೆ ಗಾಳಿ ಆಡುತ್ತಿದೆ ಅಂತ ಅರ್ಥ. ಕೆಮ್ಮಲು ಬಿಡಬೇಕು, ಪಕ್ಕದಲ್ಲೇ ಇರಬೇಕು. ಆದರೆ ಕೆಮ್ಮು ಸದ್ದಿಲ್ಲದಂತಾದರೆ, ಅಳಲೂ ಆಗದಿದ್ದರೆ, ಇಲ್ಲವೇ ತುಟಿ ನೀಲಿಗಟ್ಟಿದರೆ ಒಂದು ಕ್ಷಣವೂ ಕಾಯಬಾರದು. ಒಬ್ಬರು 108ಕ್ಕೆ ಕರೆ ಮಾಡಬೇಕು. ಇನ್ನೊಬ್ಬರು ಮಗುವಿನ ಪಕ್ಕಕ್ಕೆ, ಸ್ವಲ್ಪ ಹಿಂದೆ ಮಂಡಿಯೂರಿ, ಅದನ್ನು ಮುಂದಕ್ಕೆ ಬಾಗಿಸಿ, ಬೆನ್ನಿನ ಎರಡು ಹೆಗಲ ಮೂಳೆಗಳ ನಡುವೆ ಅಂಗೈ ಬುಡದಿಂದ ಐದು ಸಲ ಜೋರಾಗಿ ಹೊಡೆಯಬೇಕು. ಹೊರಬರದಿದ್ದರೆ ಹಿಂದಿನಿಂದ ತಬ್ಬಿ, ಹೊಕ್ಕುಳಿಗಿಂತ ಸ್ವಲ್ಪ ಮೇಲೆ ಮುಷ್ಟಿ ಇಟ್ಟು, ಒಳಕ್ಕೂ ಮೇಲಕ್ಕೂ ಐದು ಸಲ ಒತ್ತಬೇಕು. ಸಿಕ್ಕಿಕೊಂಡದ್ದು ಬರುವವರೆಗೂ ಇದೇ ಸರದಿ. ಮಗು ಪ್ರಜ್ಞೆ ತಪ್ಪಿದರೆ ನೆಲದ ಮೇಲೆ ಮಲಗಿಸಿ ಸಿಪಿಆರ್, ಅಂದರೆ ಎದೆ ಒತ್ತಿ ಬಾಯಿಂದ ಉಸಿರು ತುಂಬುವುದನ್ನು, ಶುರು ಮಾಡಬೇಕು. ಹೊಟ್ಟೆ ಒತ್ತಿದ ಮಗುವನ್ನು ಆಮೇಲೆ ಹುಷಾರಾಗಿ ಕಂಡರೂ ಡಾಕ್ಟರಿಗೆ ತೋರಿಸಲೇಬೇಕು.

ವರ್ಷ ತುಂಬದ ಕೂಸಿಗೆ ಹೊಟ್ಟೆ ಒತ್ತುವಂತಿಲ್ಲ. ಮುಂಗೈ ಮೇಲೆ ಬೋರಲು ಮಲಗಿಸಿ, ತಲೆ ತಗ್ಗಿಸಿ ಬೆನ್ನಿಗೆ ಐದು ಪೆಟ್ಟು, ತಿರುಗಿಸಿ ಎದೆಯ ನಡುವೆ ಐದು ಒತ್ತು. ಕೂಲಿಗೆ ಹೋಗುವ ತಾಯಂದಿರ ಮಕ್ಕಳನ್ನು ನೋಡಿಕೊಳ್ಳುವ ಕೂಸಿನ ಮನೆಗಳಲ್ಲಿ ಇರುವುದು ಆರು ತಿಂಗಳಿಂದ ಮೂರು ವರ್ಷದವರೆಗಿನ ಮಕ್ಕಳು. ಅದು ಪಂಚಾಯತ್ ರಾಜ್ ಇಲಾಖೆಗೆ ಸೇರಿದ್ದು ಅಂತ ಗೊತ್ತು. ಆದರೂ ನೀವು ಆ ಸಚಿವರ ಜತೆ ಒಂದು ಮಾತಾಡಿದರೆ ಇದೇ ತರಬೇತಿಗೆ ಅಲ್ಲಿ ಮಕ್ಕಳನ್ನು ನೋಡಿಕೊಳ್ಳುವವರನ್ನೂ ಕೂರಿಸಬಹುದಲ್ವಾ? ಇನ್ನು, ಗರ್ಭಿಣಿಯರಿಗೆ ಅಂಗನವಾಡಿಯಲ್ಲೇ ಬಿಸಿಯೂಟ ಕೊಡಲು 2017ರಲ್ಲಿ ಮಾತೃಪೂರ್ಣ ಯೋಜನೆ ಬಂತು. ತುಂಬು ಗರ್ಭಿಣಿಗೆ ಊಟ ಸಿಕ್ಕಿಕೊಂಡರೂ ಹೊಟ್ಟೆ ಒತ್ತಬಾರದು, ಎದೆ ಒತ್ತಬೇಕು. ಇದನ್ನೂ ಟೀಚರ್‌ಗೆ ಯಾರಾದರೂ ಹೇಳಬೇಕು.

ಒಂದು ಪೋಸ್ಟರ್ ಅಂಟಿಸಿ, ವಾಟ್ಸ್ಆ್ಯಪ್‌ನಲ್ಲಿ ವಿಡಿಯೋ ಕಳಿಸಿ ಮುಗಿಸಬೇಡಿ, ದಯವಿಟ್ಟು. ಎಷ್ಟು ಜೋರಾಗಿ ಹೊಡೆಯಬೇಕು, ಮುಷ್ಟಿ ಎಲ್ಲಿ ಕೂರಬೇಕು ಅನ್ನುವುದು ನೋಡಿದರೆ ಬರುವುದಿಲ್ಲ. ಸೈಕಲ್ ಕಲಿತ ಹಾಗೆ, ಮೈಗೆ ಹತ್ತಬೇಕು. ಬೊಂಬೆಯ ಮೇಲೆ ಪ್ರತಿಯೊಬ್ಬರೂ ಮಾಡಿ ನೋಡಬೇಕು. ಒಮ್ಮೆ ಕಲಿತದ್ದೂ ತಿಂಗಳುಗಳಲ್ಲಿ ಮರೆಯುತ್ತದೆ, ಹಾಗಾಗಿ ವರ್ಷಕ್ಕೊಮ್ಮೆಯಾದರೂ ಮತ್ತೆ ಮಾಡಿಸಬೇಕು.

ಇದಕ್ಕೆ ಹೊಸ ವ್ಯವಸ್ಥೆ ಬೇಕಿಲ್ಲ. ಮೇಲ್ವಿಚಾರಕಿಯರು ಕರೆಯುವ ಸಭೆಗಳು ಇವೆ. 108ರ ತುರ್ತು ಸಿಬ್ಬಂದಿ ಇದ್ದಾರೆ, ಸರ್ಕಾರಿ ನರ್ಸಿಂಗ್ ಕಾಲೇಜುಗಳಿವೆ, ರೆಡ್‌ಕ್ರಾಸ್ ಇದೆ. ಹೃದಯಾಘಾತಕ್ಕೆ ತುರ್ತು ಚಿಕಿತ್ಸೆ ಹತ್ತಿರದಲ್ಲೇ ಸಿಗಲಿ ಅಂತ ಇದೇ ರಾಜ್ಯ 2023ರಲ್ಲಿ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ಹೃದಯ ಜ್ಯೋತಿ ಯೋಜನೆ ತಂದಿತು. ಅಂಥ ಕಾಳಜಿ ಪುಟ್ಟ ಮಕ್ಕಳ ಉಸಿರಿಗೂ ಸಿಗಲಿ. ಒಂದು ವಿನಂತಿ: ಇದಕ್ಕೊಂದು ಹೊಸ ರಿಜಿಸ್ಟರ್, ಹೊಸ ಆ್ಯಪ್ ಮಾತ್ರ ಮಾಡಿಸಬೇಡಿ. ಪೋಷಣ್ ಟ್ರ್ಯಾಕರ್ ಆ್ಯಪ್, ಸರ್ವೆ, ಚುನಾವಣೆ ಕೆಲಸ ಅಂತ ಆ ಹೆಣ್ಣುಮಕ್ಕಳ ಮೇಲೆ ಈಗಾಗಲೇ ಜಾಸ್ತಿ ಹೊರೆ ಇದೆ. ಅನಾಹುತವಾದಾಗ ಮೊದಲು ಅವರನ್ನೇ ಅಮಾನತು ಮಾಡುವ ಪದ್ಧತಿಯೂ ನಿಲ್ಲಲಿ. ಕಲಿಸದೇ ಇದ್ದದ್ದಕ್ಕೆ ಶಿಕ್ಷೆ ಕೊಡುವುದು ನ್ಯಾಯವಲ್ಲ.

ಅಡುಗೆಮನೆಗೂ ಒಂದು ಸುತ್ತೋಲೆ ಹೊರಡಲಿ. ಶೇಂಗಾವನ್ನು ಇಡಿಯಾಗಿ ಕೊಡದೆ ಪುಡಿ ಮಾಡಿ ಕೊಡಲಿ. ಮೊಟ್ಟೆಯನ್ನು ಸಣ್ಣದಾಗಿ ಹೆಚ್ಚಿ ಕೊಡಲಿ. ದ್ರಾಕ್ಷಿ ಬಂದರೆ ಉದ್ದಕ್ಕೆ ಸೀಳಲಿ. ಮಕ್ಕಳು ಕೂತೇ ತಿನ್ನಲಿ. ತಾಯಂದಿರ ಸಭೆಯಲ್ಲಿ ಇನ್ನೊಂದು ಮಾತೂ ತಿಳಿಸಿ: ಶೇಂಗಾ ತಿನ್ನುವಾಗ ಜೋರಾಗಿ ಕೆಮ್ಮಿದ ಮಗು ಆಮೇಲೆ ಸುಮ್ಮನಾದರೂ ಬೀಜ ಶ್ವಾಸಕೋಶದ ಕಡೆಗೆ ಇಳಿದಿರಬಹುದು. ಎಕ್ಸ್‌ರೇಯಲ್ಲಿ ಅದು ಕಾಣದೇ ಇರಬಹುದು. ವಾರಗಟ್ಟಲೆ ಗೊರಗೊರ ಅಂದರೆ ಬರೀ ಶೀತ ಅಂತ ಬಿಡದೆ, "ಅವತ್ತು ಶೇಂಗಾ ತಿಂದು ಕೆಮ್ಮಿತ್ತು" ಅಂತ ಡಾಕ್ಟರಿಗೆ ಹೇಳಬೇಕು. ಆ ಒಂದು ಮಾತಿಂದ ಕಾಯಿಲೆ ಬೇಗ ಗೊತ್ತಾಗುತ್ತದೆ.

ಒಂದೇ ಸಲ ಎಲ್ಲ ಕಡೆ ಆಗದಿದ್ದರೆ ಆಸ್ಪತ್ರೆ ದೂರವಿರುವ ತಾಲ್ಲೂಕುಗಳಿಂದ ಶುರು ಮಾಡಿ. ಕಲಿಸುವವರು ಸಾಲದಿದ್ದರೆ ನನ್ನ ಹಾಗೆ ನಿವೃತ್ತರಾದ ನರ್ಸ್‌ಗಳು ಪ್ರತಿ ತಾಲ್ಲೂಕಿನಲ್ಲೂ ಇದ್ದಾರೆ, ಅವರನ್ನು ಕೇಳಿ ನೋಡಿ. ನಾನಂತೂ ಸಂಬಳ ಕೇಳುವುದಿಲ್ಲ. ಬೊಂಬೆ ಕೊಡಿಸಿ, ದಿನ ಗೊತ್ತು ಮಾಡಿ, ಬಂದು ಕಲಿಸುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಸರ್ಕಾರಿ ನರ್ಸ್